ಏಪ್ರಿಲ್ 1ರಿಂದ ಮೊದಲು ಪರೀಕ್ಷೆ, ಆಮೇಲೆ ಕೋಟಿಂಗ್

ಆತ್ಮೀಯ ಗ್ರಾಹಕರೇ,

ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇವೆ.

ಏಪ್ರಿಲ್ 1ರಿಂದ ನಮ್ಮ ಪೀಣ್ಯ ಘಟಕಕ್ಕೆ ಬರುವ ಪ್ರತಿಯೊಂದು ಡೈ (ಲೋಹಕ್ಕೆ ಆಕಾರ ಕೊಡುವ ಅಚ್ಚು), ಪಂಚ್, ಇನ್ಸರ್ಟ್ ಮತ್ತು ಕೋರ್ ಪಿನ್ ಮೊದಲು ಬಿರುಕು ಪರೀಕ್ಷೆಯ ಕೋಣೆಗೆ ಹೋಗುತ್ತದೆ. ಅಲ್ಲಿ ಪಾಸಾದ ಮೇಲೆಯೇ, ತೆಳುವಾದ ಗಡಸು ಪದರ ಕೂರಿಸುವ ಕೋಟಿಂಗ್ ಚೇಂಬರ್‌ಗೆ. ಇಷ್ಟು ದಿನ ಕೇಳಿದವರಿಗೆ ಮಾತ್ರ ಈ ಪರೀಕ್ಷೆ ಮಾಡಿಕೊಡುತ್ತಿದ್ದೆವು. ಇನ್ನು ಮುಂದೆ ಎಲ್ಲರಿಗೂ ಕಡ್ಡಾಯ. ಇದರಿಂದ ಡೆಲಿವರಿಗೆ ಎರಡು ದಿನ ಜಾಸ್ತಿ ಹಿಡಿಯುತ್ತದೆ. ಪರೀಕ್ಷೆಗೆ ಬೇರೆ ಶುಲ್ಕ ಇರುತ್ತದೆ. ದರಪಟ್ಟಿಯನ್ನು ಈ ಪತ್ರದ ಜೊತೆಗೇ ಇಟ್ಟಿದ್ದೇವೆ.

ಎರಡು ದಿನ ಅಂದರೆ ಎಷ್ಟು ಕಷ್ಟ ಎಂದು ನಮಗೆ ಗೊತ್ತು. ನಿಮ್ಮಲ್ಲಿ ಬಹುತೇಕರು ಬಿಡದಿ, ನರಸಾಪುರ, ಹೊಸೂರು ಕಡೆಯ ವಾಹನ ಕಾರ್ಖಾನೆಗಳಿಗೆ ಪ್ರೆಸ್ ಭಾಗಗಳನ್ನೋ ಅಲ್ಯೂಮಿನಿಯಂ ಕಾಸ್ಟಿಂಗ್‌ಗಳನ್ನೋ ಕೊಡುವವರು. ಡೈ ಪ್ರೆಸ್‌ನಿಂದ ಕೆಳಗಿಳಿದರೆ ಆ ಭಾಗದ ಕೆಲಸ ಅಲ್ಲಿಗೆ ನಿಂತಂತೆ. ಸಂಜೆ ಫೋನ್ ಮಾಡಿ "ನಾಳೆ ಬೆಳಿಗ್ಗೆ ಗಾಡಿ ಕಳಿಸಲಾ?" ಎಂದು ನೀವು ಕೇಳುವುದು ಯಾಕೆ ಎಂದು ನಮಗೆ ಅರ್ಥವಾಗುತ್ತದೆ. ಅದಕ್ಕೇ ಕಾರಣವನ್ನು ಬಿಡಿಸಿ ಹೇಳಲು ಈ ಪತ್ರ ಸ್ವಲ್ಪ ಉದ್ದವಾಗಿದೆ.

ನಾವು ಹಾಕುವ ಕೋಟಿಂಗ್ ಎಷ್ಟು ದಪ್ಪ ಇರುತ್ತದೆ ಎನ್ನುವುದರಿಂದಲೇ ಶುರು ಮಾಡೋಣ. ಬಂಗಾರದ ಬಣ್ಣದ ಟೈಟಾನಿಯಂ ನೈಟ್ರೈಡ್ ಇರಲಿ, ಬೂದು ಬಣ್ಣದ ಕ್ರೋಮಿಯಂ ನೈಟ್ರೈಡ್ ಇರಲಿ, ದಪ್ಪ ಎರಡರಿಂದ ಐದು ಮೈಕ್ರಾನ್. ಐದು ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಇನ್ನೂರನೇ ಒಂದು ಪಾಲು. ಗಡಸುತನ ಮಾತ್ರ ಬಹಳ. 60 ಎಚ್‌ಆರ್‌ಸಿಗೆ (ರಾಕ್‌ವೆಲ್ ಗಡಸುತನದ ಅಳತೆ) ಗಡಸು ಮಾಡಿದ ಡಿ2 ಎಂಬ ಡೈ ಉಕ್ಕು ವಿಕರ್ಸ್ ಎಂಬ ಇನ್ನೊಂದು ಅಳತೆಯಲ್ಲಿ ಸುಮಾರು 700 ಇದ್ದರೆ, ಟೈಟಾನಿಯಂ ನೈಟ್ರೈಡ್ ಸುಮಾರು 2300. ಆದರೆ ಇಷ್ಟು ತೆಳುವಾದ ಪದರ ಭಾರ ಹೊರುವುದಿಲ್ಲ. ಭಾರ ಹೊರುವುದು ಕೆಳಗಿನ ಉಕ್ಕೇ. ಕೋಟಿಂಗ್ ಸವೆತ ತಡೆಯುತ್ತದೆ, ಷೀಟು ಅಂಟಿಕೊಂಡು ಗೀರು ಬೀಳುವುದನ್ನು ತಡೆಯುತ್ತದೆ. ಬಿರುಕನ್ನು ವಾಸಿ ಮಾಡುವುದಿಲ್ಲ. ಒದ್ದೆ ಗೋಡೆಗೆ ಸುಣ್ಣ ಹೊಡೆದರೆ ಎಷ್ಟು ದಿನ ನಿಂತೀತು? ಇಲ್ಲೂ ಹಾಗೇ.

ಈಗಲೇ ಈ ನಿಯಮ ಯಾಕೆ ಎಂದು ಕೇಳಬಹುದು. ನೀವು ಒತ್ತುವ ಷೀಟು ಬದಲಾಗಿದೆ, ಅದಕ್ಕೆ. ಮಾಮೂಲಿ ಡ್ರಾಯಿಂಗ್ ಷೀಟಿನ ಟೆನ್ಸೈಲ್ ಸ್ಟ್ರೆಂತ್ (ಹರಿಯದೆ ತಡೆಯುವ ಎಳೆತ) 270ರಿಂದ 350 ಮೆಗಾಪಾಸ್ಕಲ್. ಈಗ ಸೀಟ್ ಫ್ರೇಮು, ಪಿಲ್ಲರ್ ಒಳಗಿನ ಪಟ್ಟಿ, ಬ್ರಾಕೆಟ್ಟುಗಳಿಗೆಲ್ಲ ಡಿಪಿ590, ಡಿಪಿ780, ಕೆಲವೊಮ್ಮೆ ಡಿಪಿ980 ಎಂಬ ಗಟ್ಟಿ ಷೀಟು ಬರುತ್ತಿದೆ. ಹೆಸರಿನಲ್ಲಿರುವ ಅಂಕಿಯೇ ಅದರ ಬಲ. ಗಾಡಿಯ ತೂಕ ಇಳಿಯಬೇಕು, ಡಿಕ್ಕಿ ಪರೀಕ್ಷೆಯಲ್ಲೂ ಗೆಲ್ಲಬೇಕು. 2023ರ ಅಕ್ಟೋಬರ್‌ನಿಂದ ಭಾರತ್ ಎನ್‌ಕ್ಯಾಪ್ ಎಂಬ ವಾಹನ ಸುರಕ್ಷತೆಯ ಸ್ಟಾರ್ ರೇಟಿಂಗ್ ಬಂದ ಮೇಲೆ ಕೊಳ್ಳುವವರೂ ಸ್ಟಾರ್ ಎಷ್ಟು ಎಂದು ಕೇಳುತ್ತಾರೆ. ಹಾಗಾಗಿ ಈ ಗಟ್ಟಿ ಷೀಟು ಇನ್ನೂ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಮೈಲ್ಡ್ ಸ್ಟೀಲ್ ಒತ್ತುವಾಗ ವರ್ಷಗಟ್ಟಲೆ ಸುಮ್ಮನಿದ್ದ ಸಣ್ಣ ಬಿರುಕು ಡಿಪಿ780 ಅಡಿಯಲ್ಲಿ ಸುಮ್ಮನಿರುವುದಿಲ್ಲ.

ಡೈ ಕಾಸ್ಟಿಂಗ್ ಮಾಡುವವರ ಕಥೆ ಬೇರೆ. ಅಲ್ಲಿ ಶತ್ರು ಬಿಸಿ. ಸುಮಾರು 680 ಡಿಗ್ರಿಯ ಅಲ್ಯೂಮಿನಿಯಂ 200 ಡಿಗ್ರಿ ಆಸುಪಾಸಿನ ಡೈ ಮೇಲೆ ನುಗ್ಗುತ್ತದೆ. ಮೇಲ್ಮೈ ತಟ್ಟನೆ ಹಿಗ್ಗುತ್ತದೆ. ಸ್ಪ್ರೇ ಬಿದ್ದಾಗ ತಟ್ಟನೆ ಕುಗ್ಗುತ್ತದೆ. ಹೀಗೆ ಸಾವಿರಾರು ಶಾಟ್ (ಎರಕ) ಆದ ಮೇಲೆ ಎಚ್13 ಎಂಬ ಡೈ ಉಕ್ಕಿನ ಮೇಲೆ ಸಣ್ಣ ಗೆರೆಗಳ ಜಾಲ ಏಳುತ್ತದೆ. ಗೇಟಿನ (ಲೋಹ ಒಳಬರುವ ಬಾಯಿ) ಎದುರಿನ ಜಾಗ ಮತ್ತು ಭಾಗವನ್ನು ಹೊರತಳ್ಳುವ ಎಜೆಕ್ಟರ್ ಪಿನ್ ತೂತಿನ ಅಂಚನ್ನು ನಾವು ಮೊದಲು ನೋಡುವುದು ಇದಕ್ಕೇ. ಆ ಗೆರೆಗಳ ಒಳಗೆ ಅಲ್ಯೂಮಿನಿಯಂ, ಲೂಬ್ರಿಕೆಂಟ್, ನೀರಿನ ಕಸರು ಎಲ್ಲ ಸೇರಿಕೊಂಡಿರುತ್ತದೆ. ತೊಳೆದರೂ ಪೂರ್ತಿ ಹೋಗುವುದಿಲ್ಲ.

ಈಗ ಮುಖ್ಯ ಮಾತು. ನಮ್ಮ ಚೇಂಬರ್ ಒಂದೇ. ಒಂದು ಲೋಡಿನಲ್ಲಿ ಹಲವು ಗ್ರಾಹಕರ ಡೈಗಳು ಅಕ್ಕಪಕ್ಕ ನಿಂತಿರುತ್ತವೆ. ಗಾಳಿ ಎಳೆದು ವ್ಯಾಕ್ಯೂಮ್ ಮಾಡಿ, ಸುಮಾರು 450 ಡಿಗ್ರಿಗೆ ಕಾಯಿಸಿ, ಆರ್ಗಾನ್‌ನಿಂದ ಮೇಲ್ಮೈ ಶುಚಿ ಮಾಡಿ, ಆಮೇಲೆ ಟೈಟಾನಿಯಂ ಅಥವಾ ಕ್ರೋಮಿಯಂ ಆವಿಯನ್ನು ನೈಟ್ರೋಜನ್ ಜೊತೆ ಕೂರಿಸುತ್ತೇವೆ. ಈ ಬಿಸಿಯಲ್ಲಿ ಒಂದು ಡೈ ಬಿರುಕಿನೊಳಗಿನ ಎಣ್ಣೆ ಆವಿಯಾಗಿ ಹೊರಬಂದರೆ ಅದು ಆ ಡೈಗೆ ಮಾತ್ರ ಸೀಮಿತವಾಗಿ ಉಳಿಯುವುದಿಲ್ಲ. ಪಕ್ಕದ ಡೈ ಮೇಲೂ ಕೂರುತ್ತದೆ. ಅಲ್ಲಿ ಕೋಟಿಂಗ್ ಹಿಡಿಯುವುದಿಲ್ಲ, ಪ್ರೆಸ್‌ಗೆ ಹಾಕಿದ ಮೇಲೆ ಸಿಪ್ಪೆ ಏಳುತ್ತದೆ. ಜಿಐ (ಸತು ಲೇಪಿಸಿದ) ಷೀಟು ಒತ್ತಿದ ಡೈ ಇನ್ನೂ ಅಪಾಯ. ಅದರ ರೇಡಿಯಸ್‌ನಲ್ಲಿ (ದುಂಡಗಿನ ಅಂಚಿನಲ್ಲಿ) ಸತು ಅಂಟಿರುತ್ತದೆ. ಸತು ಕರಗುವುದು 420 ಡಿಗ್ರಿಗೆ. ನಮ್ಮ ಚೇಂಬರ್ ಅದಕ್ಕಿಂತ ಬಿಸಿ. ವ್ಯಾಕ್ಯೂಮ್‌ನಲ್ಲಂತೂ ಅದು ಸುಲಭವಾಗಿ ಆವಿಯಾಗಿ ಇಡೀ ಲೋಡನ್ನೇ ಕೆಡಿಸುತ್ತದೆ.

ಆದ್ದರಿಂದ "ಬಿರುಕಿದ್ದರೂ ಪರವಾಗಿಲ್ಲ, ಕೋಟಿಂಗ್ ಹಾಕಿಕೊಡಿ, ರಿಸ್ಕ್ ನಮ್ಮದು" ಎಂಬ ಪತ್ರವನ್ನು ಇನ್ನು ಮುಂದೆ ನಾವು ಸ್ವೀಕರಿಸುವುದಿಲ್ಲ. ಹಳಬರಿರಲಿ, ಹೊಸಬರಿರಲಿ, ದೊಡ್ಡ ಆರ್ಡರ್ ಇರಲಿ, ಒಂದೇ ಪಂಚ್ ಇರಲಿ. ನಿಮ್ಮ ಡೈ ಮೇಲಿನ ರಿಸ್ಕ್ ನೀವು ತೆಗೆದುಕೊಳ್ಳಬಹುದು. ಪಕ್ಕದಲ್ಲಿ ನಿಂತಿರುವ ಇನ್ನೊಬ್ಬರ ಡೈ ಮೇಲಿನ ರಿಸ್ಕ್ ತೆಗೆದುಕೊಳ್ಳಲು ನಿಮಗಾಗಲಿ ನಮಗಾಗಲಿ ಹಕ್ಕಿಲ್ಲ, ಅಲ್ವಾ? ಈ ವಿಷಯದಲ್ಲಿ ನಾವು ಗಟ್ಟಿಯಾಗಿ ನಿಲ್ಲುತ್ತೇವೆ. ನಾಳೆ ಪಕ್ಕದಲ್ಲಿರುವುದು ನಿಮ್ಮ ಡೈಯೇ ಆಗಿರಬಹುದು.

ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ಹೇಳುತ್ತೇವೆ. ಬಿಡುವಿದ್ದಾಗ ಬಂದು ಕಣ್ಣಾರೆ ನೋಡಿದರೆ ಇನ್ನೂ ಸಂತೋಷ. ಡೈಯನ್ನು ತೊಳೆದು, ಒಣಗಿಸಿ, ಕಪ್ಪು ಪರದೆ ಹಾಕಿದ ಕೋಣೆಗೆ ತರುತ್ತೇವೆ. ಯೋಕ್ ಎಂಬ ವಿದ್ಯುತ್ ಅಯಸ್ಕಾಂತದ ಎರಡು ಕಾಲುಗಳನ್ನು ಡೈ ಮೇಲೆ ಊರಿ ಸ್ವಿಚ್ ಒತ್ತಿದರೆ ಆ ಜಾಗ ಅಯಸ್ಕಾಂತವಾಗುತ್ತದೆ. ಆಗಲೇ ಮೇಲಿನಿಂದ ಹೊಳೆಯುವ ಕಬ್ಬಿಣದ ಪುಡಿ ಬೆರೆಸಿದ ದ್ರವ ಹರಿಸುತ್ತೇವೆ. ಬಿರುಕು ಇರುವಲ್ಲಿ ಕಾಂತಕ್ಷೇತ್ರ ಹೊರಗೆ ಸೋರುತ್ತದೆ, ಪುಡಿ ಅಲ್ಲಿಗೆ ಬಂದು ಕೂರುತ್ತದೆ. ಲೈಟ್ ಆರಿಸಿ ಯುವಿ ದೀಪ ಹಿಡಿದರೆ ಹಳದಿ ಹಸಿರು ಗೆರೆ ಎದ್ದು ಕಾಣುತ್ತದೆ. ಒಂದೇ ದಿಕ್ಕಿನಲ್ಲಿ ನೋಡಿದರೆ ಸಾಲದು. ಕ್ಷೇತ್ರದ ದಿಕ್ಕಿನಲ್ಲೇ ಓಡುವ ಬಿರುಕು ಕಾಣುವುದಿಲ್ಲ. ಹಾಗಾಗಿ ಯೋಕನ್ನು ಅಡ್ಡ ತಿರುಗಿಸಿ ಮತ್ತೊಮ್ಮೆ ನೋಡಬೇಕು. ಸಮಯ ಹಿಡಿಯುವುದು ಇಲ್ಲೇ. ಕೊನೆಗೆ ಡೀಮ್ಯಾಗ್ನೆಟೈಸ್ ಮಾಡುತ್ತೇವೆ. ಇಲ್ಲದಿದ್ದರೆ ನಿಮ್ಮ ಪ್ರೆಸ್‌ನಲ್ಲಿ ಸಣ್ಣ ಚೂರುಗಳೆಲ್ಲ ಡೈಗೆ ಅಂಟಿಕೊಂಡು ಹೊಸ ತೊಂದರೆ.

ಇತ್ತೀಚೆಗೆ ಸೀಟ್ ಬ್ರಾಕೆಟ್ಟಿನ ಒಂದು ಫಾರ್ಮಿಂಗ್ ಇನ್ಸರ್ಟ್ ಬಂದಿತ್ತು. ಡಿ2, ಚೆನ್ನಾಗಿ ಗಡಸು ಮಾಡಿದ್ದರು. ಮಿರರ್ ಪಾಲಿಶ್. ಲೆನ್ಸ್ ಹಿಡಿದು ನೋಡಿದರೂ ಏನೂ ಕಾಣಲಿಲ್ಲ. ಯುವಿ ಅಡಿಯಲ್ಲಿ ಡೋವೆಲ್ (ಜೋಡಣೆಯ ಪಿನ್) ತೂತಿನ ಅಂಚಿನಿಂದ ರೇಡಿಯಸ್ ಕಡೆಗೆ ಎಂಟು ಹತ್ತು ಮಿಲಿಮೀಟರ್ ಉದ್ದದ ಗೆರೆ ಹೊಳೆಯಿತು. ತೂತನ್ನು ವೈರ್‌ಕಟ್‌ನಲ್ಲಿ, ಅಂದರೆ ತಂತಿಯ ವಿದ್ಯುತ್ ಕಿಡಿಯಿಂದ, ಕತ್ತರಿಸಿದ್ದರು. ವೈರ್‌ಕಟ್ ಆಗಲಿ, ಸ್ಪಾರ್ಕ್ ಆಗಲಿ, ಉಕ್ಕು ಕರಗಿ ಮತ್ತೆ ಗಟ್ಟಿಯಾದ ತೆಳು ಪದರವೊಂದನ್ನು ಬಿಟ್ಟು ಹೋಗುತ್ತದೆ. ಅದು ತುಂಬಾ ಪೆಡಸು. ಸ್ಟೋನ್ ಹಿಡಿದು ಉಜ್ಜಿ ತೆಗೆಯದಿದ್ದರೆ ಬಿರುಕು ಅಲ್ಲಿಂದಲೇ ಶುರು. ಮಾಲೀಕರು ಬಂದರು, ಕತ್ತಲೆ ಕೋಣೆಯಲ್ಲಿ ತಾವೇ ದೀಪ ಹಿಡಿದು ನೋಡಿದರು, ಇನ್ಸರ್ಟ್ ವಾಪಸ್ ಒಯ್ದು ಹೊಸದು ಮಾಡಿಸಿದರು. ಅದೇ ಇನ್ಸರ್ಟ್ ಪ್ರೆಸ್‌ನಲ್ಲಿ ಒಡೆದಿದ್ದರೆ ಪಕ್ಕದ ಭಾಗಗಳನ್ನೂ ಒಡೆಯುತ್ತಿತ್ತು. ಎದುರಿಗೆ ನಿಂತ ಆಪರೇಟರ್‌ಗೆ ಚೂರು ಸಿಡಿಯಬಹುದಿತ್ತು. ನಮಗೆ ಎಲ್ಲಕ್ಕಿಂತ ಹೆಚ್ಚು ಕಾಳಜಿ ಇರುವುದು ಆ ಆಪರೇಟರ್ ಬಗ್ಗೆ.

ಈ ಕೆಲಸ ಮಾಡುವವರು ಬಿರುಕು ಪರೀಕ್ಷೆಯಲ್ಲಿ ಲೆವೆಲ್ 2 ಸರ್ಟಿಫಿಕೇಟ್ ಪಡೆದವರು. ಅವರಲ್ಲಿ ಕೆಲವರು ರಾಜಾಜಿನಗರದ ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಕಲಿತವರು. ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ 1972ರಲ್ಲಿ ಶುರುವಾದ ಆ ಸಂಸ್ಥೆಯಲ್ಲಿ ಕಲಿತವರು ಡೈಯನ್ನು ಮುಟ್ಟಿ ನೋಡುವ ರೀತಿಯೇ ಬೇರೆ ಎಂಬುದು ನಮ್ಮ ಅನುಭವ.

ಇನ್ನು ನಿಮ್ಮಿಂದ ನಮಗೆ ಬೇಕಾದದ್ದು ಒಂದು ಚೀಟಿ. ಉಕ್ಕು ಯಾವುದು, ಯಾವ ಡಿಗ್ರಿಗೆ ಟೆಂಪರ್ (ಗಡಸು ಮಾಡಿದ ಮೇಲೆ ಮತ್ತೆ ಕಾಯಿಸುವುದು) ಆಗಿದೆ, ಎಲ್ಲಿ ವೆಲ್ಡ್ ಅಥವಾ ಸ್ಪಾರ್ಕ್ ಆಗಿದೆ, ಹಿಂದೆ ನೈಟ್ರೈಡಿಂಗ್ (ಮೇಲ್ಮೈಗೆ ನೈಟ್ರೋಜನ್ ಇಳಿಸಿ ಗಡಸು ಮಾಡುವುದು) ಅಥವಾ ಕೋಟಿಂಗ್ ಆಗಿತ್ತೇ. ಇಷ್ಟೇ. ಅದರಲ್ಲೂ ಟೆಂಪರ್ ಡಿಗ್ರಿಯನ್ನು ದಯವಿಟ್ಟು ಬಿಡಬೇಡಿ. ಡಿ2 ಉಕ್ಕನ್ನು 200 ಡಿಗ್ರಿಗೆ ಟೆಂಪರ್ ಮಾಡಿದರೂ 60 ಎಚ್‌ಆರ್‌ಸಿ ಸಿಗುತ್ತದೆ, 500 ದಾಟಿಸಿ ಮಾಡಿದರೂ ಅದರ ಹತ್ತಿರ ಸಿಗುತ್ತದೆ. ಮೇಲಿನಿಂದ ನೋಡಿದರೆ ಎರಡೂ ಒಂದೇ. ಆದರೆ 200 ಡಿಗ್ರಿಯದ್ದನ್ನು ನಮ್ಮ 450 ಡಿಗ್ರಿ ಚೇಂಬರ್‌ಗೆ ಹಾಕಿದರೆ ಅದು ಒಳಗೇ ಇನ್ನೊಮ್ಮೆ ಟೆಂಪರ್ ಆಗುತ್ತದೆ. ಗಡಸುತನ ಇಳಿಯುತ್ತದೆ, ಅಳತೆಯೂ ಬದಲಾಗುತ್ತದೆ. ಮೈಕ್ರಾನ್ ಲೆಕ್ಕದಲ್ಲಿ ಕೂರಿಸಿದ ಪಂಚ್ ಆಮೇಲೆ ಡೈಯಲ್ಲಿ ಕೂರುವುದಿಲ್ಲ. ಆದ್ದರಿಂದ ಕೋಟಿಂಗ್ ಮಾಡಿಸುವ ಉದ್ದೇಶ ಇದ್ದರೆ ಹೀಟ್ ಟ್ರೀಟ್‌ಮೆಂಟ್‌ಗೆ ಕೊಡುವಾಗಲೇ 500 ಡಿಗ್ರಿ ಮೇಲಿನ ಟೆಂಪರ್, ಕನಿಷ್ಠ ಎರಡು ಸಲ, ಎಂದು ಬರೆದುಕೊಡಿ. ಎಚ್13ಗೆ ಈ ತಲೆಬಿಸಿ ಇಲ್ಲ. ಅದರ ಟೆಂಪರ್ ಹೇಗೂ 550 ಡಿಗ್ರಿ ದಾಟಿರುತ್ತದೆ.

ಬೇರೆ ಕಡೆ ನೈಟ್ರೈಡಿಂಗ್ ಮಾಡಿಸಿದ್ದರೆ ಮೇಲಿನ ಬಿಳಿ ಪದರ ತೆಗೆಸಿ ಕಳಿಸಿ. ಅದರ ಮೇಲೆ ಕೋಟಿಂಗ್ ನಿಲ್ಲುವುದಿಲ್ಲ. ಹಳೇ ಕೋಟಿಂಗನ್ನು ಮಾತ್ರ ನೀವೇ ಉಜ್ಜಿ ತೆಗೆಯಲು ಹೋಗಬೇಡಿ. ನಾವು ದ್ರಾವಣದಲ್ಲಿ ತೆಗೆಯುತ್ತೇವೆ, ಆಕಾರ ಕೆಡುವುದಿಲ್ಲ. ಬಿರುಕು ನೋಡಲು ಪೆನಿಟ್ರಂಟ್ ಎಂಬ ಕೆಂಪು ಬಣ್ಣದ ದ್ರವ ಹಾಕುವ ಅಭ್ಯಾಸ ಕೆಲವರಿಗಿದೆ. ಕೋಟಿಂಗ್‌ಗೆ ಕಳಿಸುವ ಡೈಗೆ ಅದು ಬೇಡ. ಬಣ್ಣ ಬಿರುಕಿನೊಳಗೆ ಉಳಿದು ಮುಂದೆ ಚೇಂಬರ್‌ನಲ್ಲಿ ಹೊರಬರುತ್ತದೆ. ಹಾಕಿದ್ದರೆ ಮುಚ್ಚಿಡದೆ ಹೇಳಿ, ಸಾಕು.

ಡೈ ಫೇಲ್ ಆದರೆ ಅದೇ ದಿನ ಸಂಜೆಯೊಳಗೆ ಗೆರೆಯ ಫೋಟೋ ವಾಟ್ಸಾಪ್‌ನಲ್ಲಿ ಬರುತ್ತದೆ. ಪರೀಕ್ಷೆಯ ಶುಲ್ಕ ಬಿಟ್ಟು ಬೇರೇನೂ ತೆಗೆದುಕೊಳ್ಳುವುದಿಲ್ಲ. ಬಿರುಕು ಕೆಲಸದ ಮೇಲ್ಮೈಯಲ್ಲಿಲ್ಲ, ಆಳವೂ ಇಲ್ಲ ಎಂದಾದರೆ ಉಜ್ಜಿ ತೆಗೆದು ಮತ್ತೆ ಪರೀಕ್ಷೆ ಮಾಡಬಹುದು. ಎರಡನೇ ಪರೀಕ್ಷೆಗೆ ದುಡ್ಡಿಲ್ಲ. ಪಾಸಾದ ಡೈ ಜೊತೆಗೆ ಇನ್ನು ಮುಂದೆ ಒಂದು ರಿಪೋರ್ಟ್ ಕೂಡ ಬರುತ್ತದೆ. ಅದೇ ಲೋಡಿನಲ್ಲಿ ಇಟ್ಟ ಸ್ಯಾಂಪಲ್ ತುಂಡಿನ ಮೇಲೆ ರಾಕ್‌ವೆಲ್ ವಜ್ರದ ಮೊನೆಯನ್ನು 150 ಕೆ.ಜಿ. ಭಾರದಲ್ಲಿ ಒತ್ತಿ, ಗುಂಡಿಯ ಸುತ್ತ ಕೋಟಿಂಗ್ ಎದ್ದಿದೆಯೇ ಎಂದು ಮೈಕ್ರೋಸ್ಕೋಪಿನಲ್ಲಿ ನೋಡುತ್ತೇವೆ. ಕೋಟಿಂಗ್ ಎಷ್ಟು ಗಟ್ಟಿಯಾಗಿ ಹಿಡಿದಿದೆ ಎಂದು ಹೇಳುವ ದರ್ಜೆಗಳಲ್ಲಿ ಎಚ್‌ಎಫ್1ರಿಂದ ಎಚ್‌ಎಫ್4ರವರೆಗೆ ಪಾಸ್, 5 ಮತ್ತು 6 ಫೇಲ್. ಆ ಫೋಟೋ, ಕೋಟಿಂಗ್ ದಪ್ಪ, ಬಿರುಕು ಪರೀಕ್ಷೆಯ ಫಲಿತಾಂಶ, ಮೂರೂ ಒಂದೇ ಹಾಳೆಯಲ್ಲಿರುತ್ತವೆ. ವಾಹನ ಕಂಪನಿಯವರು ಆಡಿಟ್‌ಗೆ ಬಂದಾಗ ತೋರಿಸಲು ನಿಮಗೂ ಅನುಕೂಲ.

ತುರ್ತು ಇದ್ದವರು ಡೈ ಇಳಿಸುವ ಮೊದಲೇ ಫೋನ್ ಮಾಡಿ ದಿನ ಹಿಡಿದಿಟ್ಟುಕೊಳ್ಳಿ. ಮೊದಲೇ ಹೇಳಿದವರ ಡೈಯನ್ನು ಬಂದ ದಿನವೇ ಪರೀಕ್ಷೆಗೆ ತೆಗೆದುಕೊಂಡು ಒಂದು ದಿನ ಉಳಿಸಿಕೊಡಲು ಸಾಧ್ಯ. ಮಾರ್ಚ್ 31ರೊಳಗೆ ನಮ್ಮ ಗೇಟು ತಲುಪಿದ ಡೈಗಳಿಗೆ ಹಳೇ ದರವೇ, ಆದರೆ ಪರೀಕ್ಷೆ ಅವಕ್ಕೂ ಇರುತ್ತದೆ. ಚೀಟಿಯ ನಮೂನೆ ಕನ್ನಡ ಮತ್ತು ತಮಿಳಿನಲ್ಲಿ ಇದರ ಜೊತೆಗಿದೆ. ಡೈ ತರುವ ಡ್ರೈವರ್ ಕೈಯಲ್ಲೇ ಕೊಟ್ಟು ಕಳಿಸಿ.

ಇಂತಿ ನಿಮ್ಮ ವಿಶ್ವಾಸಿಗಳು,
ಪಾಲುದಾರರು ಮತ್ತು ಪರೀಕ್ಷಾ ವಿಭಾಗದ ಸಿಬ್ಬಂದಿ
ಪೀಣ್ಯ ಕೈಗಾರಿಕಾ ಪ್ರದೇಶ, ಬೆಂಗಳೂರು