ಅರ್ಧ ಗಂಟೆಯಲ್ಲಿ ಸುತ್ತಿ ಮುಗಿಸುವ ದ್ವೀಪ

ಬೇಸಿಗೆ ರಜೆ ಹತ್ತಿರ ಬಂದಂತೆ ಸಂಘದ ಸದಸ್ಯರಲ್ಲಿ ಹಲವರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ. ಆಸ್ಟ್ರೇಲಿಯಾದ ಈಶಾನ್ಯ ಕರಾವಳಿಯುದ್ದಕ್ಕೂ ಚಾಚಿರುವ ಹವಳದ ದಿಬ್ಬಗಳ ಸಾಲಾದ ಗ್ರೇಟ್ ಬ್ಯಾರಿಯರ್ ರೀಫ್‌ನ ದಕ್ಷಿಣ ತುದಿಯಲ್ಲಿರುವ ಆ ಪುಟ್ಟ ದ್ವೀಪಗಳನ್ನು ಅರ್ಧ ಗಂಟೆಯಲ್ಲಿ ನಡೆದೇ ಸುತ್ತಿ ಮುಗಿಸಬಹುದಂತೆ, ಹಾಗಿದ್ದ ಮೇಲೆ ಬೆಳಿಗ್ಗೆ ಹೋಗಿ ಸಂಜೆ ಬಂದರೆ ಸಾಲದೇ ಎಂಬುದು ಆ ಪ್ರಶ್ನೆ. ನಮ್ಮ ಕುಟುಂಬ ಮೊದಲು ದೋಣಿಯಲ್ಲಿ ಹೆರಾನ್ ದ್ವೀಪಕ್ಕೂ ಎರಡು ವರ್ಷಗಳ ನಂತರ ವಿಮಾನದಲ್ಲಿ ಲೇಡಿ ಎಲಿಯಟ್ ದ್ವೀಪಕ್ಕೂ ಹೋಗಿಬಂದಿದೆ. ಸಾಲದು ಎಂಬುದು ನನ್ನ ಉತ್ತರ. ಕನಿಷ್ಠ ಎರಡು ರಾತ್ರಿಯಾದರೂ ಅಲ್ಲಿ ಕಳೆಯಬೇಕು. ಹಾಗೆ ಒತ್ತಿ ಹೇಳುವುದಕ್ಕೆ ಕಾರಣಗಳೇನೆಂದು ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ.

ಹೆರಾನ್‌ಗೆ ಹೋಗುವ ದೋಣಿ ಗ್ಲಾಡ್‌ಸ್ಟೋನ್ ಬಂದರಿನಿಂದ ಹೊರಡುತ್ತದೆ. ಕಲ್ಲಿದ್ದಲು ತುಂಬಿಕೊಳ್ಳಲು ಸರದಿಗಾಗಿ ಕಾಯುತ್ತ ಲಂಗರು ಹಾಕಿದ ದೊಡ್ಡ ಹಡಗುಗಳನ್ನು ದಾಟಿ ಸುಮಾರು 80 ಕಿಲೋಮೀಟರ್ ದೂರ, ಎರಡು ಗಂಟೆಗೂ ಮಿಕ್ಕ ಪಯಣ. ಆಗ್ನೇಯ ದಿಕ್ಕಿನಿಂದ ಗಾಳಿ ಬಲವಾಗಿ ಬೀಸಿದ ದಿನ ಈ ಹಾದಿ ಸುಖಕರವಲ್ಲ. ನಮ್ಮ ಪಾಲಿಗೆ ಅಂಥದೇ ದಿನ ಒದಗಿ, ದೋಣಿಯಲ್ಲಿದ್ದ ಅರ್ಧದಷ್ಟು ಜನ ಕಣ್ಣು ಮುಚ್ಚಿ ಕುಳಿತಿದ್ದರು. ವಾಂತಿ ತಡೆಯುವ ಮಾತ್ರೆಯನ್ನು ದೋಣಿ ಅಲುಗಾಡತೊಡಗಿದ ಮೇಲಲ್ಲ, ಹತ್ತುವ ಮೊದಲೇ ತೆಗೆದುಕೊಳ್ಳಬೇಕು. ಆದರೂ ದೋಣಿಯ ದಾರಿ ಕೊಡುವ ಒಂದು ಅರಿವು ವಿಮಾನದಲ್ಲಿ ಸಿಗುವುದಿಲ್ಲ. ಎರಡು ಗಂಟೆ ಕಾಲ ನೀರನ್ನಲ್ಲದೆ ಬೇರೇನನ್ನೂ ಕಾಣದೆ ಸಾಗಿದ ಮೇಲೆ ಕಡುನೀಲಿ ಒಮ್ಮೆಲೇ ತಿಳಿಹಸಿರಾಗಿ, ಅದರಾಚೆ ಬಿಳಿ ಮರಳಿನ ಗೆರೆಯೊಂದು ಕಂಡಾಗ, ಸುಮಾರು 800 ಮೀಟರ್ ಉದ್ದದ ಈ ನೆಲದ ಚೂರು ಮುಖ್ಯಭೂಮಿಯಿಂದ ಎಷ್ಟು ದೂರದಲ್ಲಿ ಒಂಟಿಯಾಗಿದೆ ಎಂಬುದು ದೇಹಕ್ಕೇ ತಿಳಿಯುತ್ತದೆ. ದೋಣಿ ನಿಲ್ಲುವ ಕಾಲುವೆಯ ಬಾಯಲ್ಲಿ ತುಕ್ಕು ಹಿಡಿದ ಹಡಗಿನ ಒಡಲೊಂದು ಬಿದ್ದಿದೆ. ಅದು 1884ರಲ್ಲಿ ದಕ್ಷಿಣ ಆಸ್ಟ್ರೇಲಿಯಾ ವಸಾಹತಿಗಾಗಿ ಕಟ್ಟಿದ ಪ್ರೊಟೆಕ್ಟರ್ ಎಂಬ ಯುದ್ಧನೌಕೆ. ಕೊನೆಗಾಲದಲ್ಲಿ ಅಲೆಗಳನ್ನು ತಡೆಯಲೆಂದು ಇಲ್ಲಿಗೆ ತಂದು ಇಳಿಸಿದರು.

ಲೇಡಿ ಎಲಿಯಟ್‌ಗೆ ಪ್ರವಾಸಿಗಳು ಹೋಗುವುದು ಸಣ್ಣ ವಿಮಾನದಲ್ಲಿ. ಮುಖ್ಯಭೂಮಿಯ ಬಂಡಬರ್ಗ್ ಊರಿನಿಂದ ಸುಮಾರು ಅರ್ಧ ಗಂಟೆಯ ಹಾರಾಟ. ವಿಮಾನ ಚಿಕ್ಕದಾದ್ದರಿಂದ ಸಾಮಾನಿನ ತೂಕಕ್ಕೆ ಬಿಗಿಯಾದ ಮಿತಿ ಇರುತ್ತದೆ, ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಮೇಲಿನಿಂದ ನೋಡುವಾಗ ದ್ವೀಪಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಅದನ್ನು ಹೊತ್ತಿರುವ ಹವಳದ ದಿಬ್ಬ. ಅದರ ಹೊರ ಅಂಚಿನಲ್ಲಿ ಅಲೆ ಒಡೆದು ಬಿಳಿ ನೊರೆಯ ಬಳೆಯಾಗಿದೆ, ಒಳಗೆ ಆಳವಿಲ್ಲದ ನೀರಿದೆ, ಅದರ ನಡುವೆ ಸುಮಾರು 45 ಹೆಕ್ಟೇರ್ ನೆಲ. ಆ ನೆಲವನ್ನು ಅಂಚಿನಿಂದ ಅಂಚಿಗೆ ಸೀಳಿದಂತೆ ಹುಲ್ಲಿನ ರನ್‌ವೇ ಹಾಸಿಕೊಂಡಿದೆ. ನಿಖರವಾಗಿ ಹೇಳುವುದಾದರೆ ಮಕರ ಸಂಕ್ರಾಂತಿ ವೃತ್ತ ಹಾದುಹೋಗುವುದು ಹೆರಾನ್‌ನ ಮಗ್ಗುಲಲ್ಲಿ. ಲೇಡಿ ಎಲಿಯಟ್ ಅದಕ್ಕಿಂತ ತುಸು ದಕ್ಷಿಣಕ್ಕಿದ್ದರೂ ಉತ್ತರದಿಂದ ಹರಿದುಬರುವ ಬೆಚ್ಚಗಿನ ಸಾಗರ ಪ್ರವಾಹದಿಂದಾಗಿ ಉಷ್ಣವಲಯದ ಜೀವರಾಶಿ ಅಲ್ಲಿಯವರೆಗೂ ಹಬ್ಬಿದೆ.

ಈ ಎರಡೂ ದ್ವೀಪಗಳಲ್ಲಿ ಬೆಟ್ಟವಿಲ್ಲ, ಬಂಡೆಯ ಬುಡವಿಲ್ಲ, ಹೊಳೆಯಿಲ್ಲ. ಸತ್ತ ಹವಳದ ಚೂರು, ಚಿಪ್ಪು ಮತ್ತು ಸೂಕ್ಷ್ಮಜೀವಿಗಳ ಸುಣ್ಣದ ಕವಚಗಳನ್ನು ಅಲೆಗಳು ದಿಬ್ಬದ ಮೇಲೆ ರಾಶಿ ಹಾಕಿದ್ದರಿಂದ ಉಂಟಾದ ನೆಲ ಇದು. ಅದರ ಮೇಲೆ ಹಕ್ಕಿಗಳು ಬಂದು ಕುಳಿತವು, ಬೀಜ ತಂದವು, ಅವುಗಳ ಹಿಕ್ಕೆ ಸೇರಿ ಮರಳು ಮಣ್ಣಾಯಿತು. ಅದನ್ನು ಹಾಳುಮಾಡುವುದಕ್ಕೆ ಮನುಷ್ಯರಿಗೆ ಹತ್ತೇ ವರ್ಷ ಸಾಕಾಯಿತು ಎಂಬುದಕ್ಕೆ ಲೇಡಿ ಎಲಿಯಟ್‌ನ ಚರಿತ್ರೆ ಸಾಕ್ಷಿ. 1816ರಲ್ಲಿ ಅದನ್ನು ಕಂಡ ಹಡಗಿನ ಹೆಸರೇ ದ್ವೀಪದ ಹೆಸರಾಯಿತು. 1863ರಲ್ಲಿ ಗೊಬ್ಬರಕ್ಕಾಗಿ ಹಿಕ್ಕೆಯ ಗಣಿಗಾರಿಕೆ ಆರಂಭಿಸಿದವರು ಮರಗಳನ್ನು ಕಡಿದು, ಮೇಲ್ಮಣ್ಣನ್ನೆಲ್ಲ ಕೆರೆದು ಹಡಗಿಗೆ ತುಂಬಿಸಿದರು. ಈಗಲೂ ನಿಂತಿರುವ ಬಿಳಿಯ ದೀಪಸ್ತಂಭವನ್ನು 1873ರಲ್ಲಿ ಕಟ್ಟುವ ಹೊತ್ತಿಗೆ ಅದರ ಸುತ್ತ ಉಳಿದಿದ್ದದ್ದು ಬಹುಪಾಲು ಬರೀ ಹವಳದ ಕಲ್ಲು. ಸುಮಾರು ನೂರು ವರ್ಷ ದ್ವೀಪ ಹಾಗೆಯೇ ಬೋಳಾಗಿತ್ತು. 1960ರ ದಶಕದಲ್ಲಿ ಡಾನ್ ಆಡಮ್ಸ್ ಎಂಬ ವಿಮಾನ ಚಾಲಕರು ಗಿಡ ನೆಡತೊಡಗಿದರು. ಅಂದು ಆರಂಭವಾದ ಕೆಲಸವನ್ನು ಅವರ ನಂತರ ಬಂದವರು ಮುಂದುವರಿಸಿದ್ದಾರೆ, ಗಾಳಿ ಮರಗಳ ನೆರಳಲ್ಲಿ ಈಗ ಅಲ್ಲಿನದೇ ಪಿಸೋನಿಯಾ ಮರಗಳನ್ನು ಬೆಳೆಸುತ್ತಿದ್ದಾರೆ. ನಾನು ನಿಂತ ಆ ನೆರಳನ್ನು ಯಾರೋ ಒಬ್ಬೊಬ್ಬರಾಗಿ ಸಸಿ ನೆಟ್ಟು, ಸಿಹಿನೀರಿಲ್ಲದ ಜಾಗದಲ್ಲಿ ನೀರೆರೆದು ಉಂಟುಮಾಡಿದ್ದಾರೆಂದು ತಿಳಿದಾಗ ನನಗೆ ಮಾತು ಹೊರಡಲಿಲ್ಲ.

ಹಗಲಿನಲ್ಲಿ ನೋಡುವಂಥದ್ದಕ್ಕೆ ಕೊರತೆಯಿಲ್ಲ. ಮುಖಕ್ಕೆ ಸ್ನಾರ್ಕೆಲ್ ಎಂಬ ಉಸಿರಾಟದ ಕೊಳವೆ ಕಟ್ಟಿಕೊಂಡು ದಡದಿಂದಲೇ ನೀರಿಗಿಳಿಯಬಹುದು. ಲೇಡಿ ಎಲಿಯಟ್ ಸುತ್ತಲಿನ ನೀರು ಮಾಂಟಾ ರೇ ಎಂಬ ಬೃಹತ್ ತೊರಕೆ ಮೀನುಗಳಿಗೆ ಹೆಸರಾದದ್ದು. ಅವುಗಳ ಹೊಟ್ಟೆಯ ಮೇಲಿನ ಮಚ್ಚೆಗಳ ವಿನ್ಯಾಸ ಒಂದರದ್ದು ಇನ್ನೊಂದಕ್ಕೆ ಇರದಿರುವುದರಿಂದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಛಾಯಾಚಿತ್ರಗಳಿಂದಲೇ ಒಂದೊಂದನ್ನೂ ಗುರುತಿಟ್ಟುಕೊಂಡಿದ್ದಾರೆ. ಹವಳದ ಸ್ಥಿತಿಯ ಬಗ್ಗೆ ಮಾತ್ರ ಮುಚ್ಚುಮರೆ ಬೇಡ. 2016 ಮತ್ತು 2017ರ ಬಿಸಿಯಿಂದ ಬಹಳಮಟ್ಟಿಗೆ ಪಾರಾಗಿದ್ದ ಈ ದಕ್ಷಿಣ ಭಾಗ 2024ರ ಬೇಸಿಗೆಯಲ್ಲಿ ತೀವ್ರವಾಗಿ ಬಿಳಿಚಿಕೊಂಡಿತು. ನೀರಿನ ಬಿಸಿ ಹೆಚ್ಚಾದಾಗ ಹವಳವು ತನ್ನೊಳಗಿದ್ದು ಆಹಾರ ಒದಗಿಸುವ ಪಾಚಿಯನ್ನು ಹೊರಹಾಕುತ್ತದೆ, ಬಿಸಿ ಬೇಗ ಇಳಿಯದಿದ್ದರೆ ಹಸಿದು ಸಾಯುತ್ತದೆ. ಮಕ್ಕಳನ್ನು ಕರೆದೊಯ್ಯುವವರು ಇದನ್ನು ಮೊದಲೇ ತಿಳಿಸಿ ಕರೆದೊಯ್ಯುವುದು ಒಳ್ಳೆಯದು.

ಆದರೆ ನಾನು ಉಳಿಯಿರಿ ಎನ್ನುವುದು ರಾತ್ರಿಗಾಗಿ. ಆಸ್ಟ್ರೇಲಿಯಾದ ಬೇಸಿಗೆಯ ತಿಂಗಳುಗಳಲ್ಲಿ, ಅಂದರೆ ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ, ಸೂರ್ಯ ಮುಳುಗುತ್ತಿದ್ದಂತೆ ಹಗಲೆಲ್ಲ ಕಡಲಿನಲ್ಲಿದ್ದ ಶಿಯರ್‌ವಾಟರ್ ಹಕ್ಕಿಗಳು ಹೆರಾನ್‌ಗೆ ಮರಳಿ, ಮರಳಿನ ಬಿಲಗಳೊಳಗೆ ಜೊತೆಗಾರರೊಡನೆ ಕೂಗತೊಡಗುತ್ತವೆ. ಆ ಕೂಗು ಎಳೆಗೂಸಿನ ಅಳುವಿನಂತೆ ಏರಿ ಇಳಿಯುತ್ತದೆ. ಮೊದಲ ರಾತ್ರಿ ನಮಗೆ ನಿದ್ದೆ ಬರಲಿಲ್ಲ, ಎರಡನೆಯ ರಾತ್ರಿ ಅದಕ್ಕಾಗಿಯೇ ಕಿವಿಗೊಟ್ಟು ಕುಳಿತೆವು. ನೆಲದಿಂದ ಸುಲಭವಾಗಿ ಹಾರಲಾರದ ಈ ಹಕ್ಕಿಗಳು ಬೆಳಗಾಗುವ ಮುಂಚೆ ನಾವು ನಡೆಯುವ ಕಾಲುದಾರಿಗಳಲ್ಲೇ ಓಡೋಡಿ ಮೇಲೇಳುತ್ತವೆ, ಆದ್ದರಿಂದ ಕತ್ತಲಲ್ಲಿ ನಡೆಯುವವರು ಎಚ್ಚರದಿಂದಿರಬೇಕು.

ಉಬ್ಬರದ ಹೊತ್ತಿಗೆ ಹಸಿರು ಕಡಲಾಮೆಗಳು ದಡ ಹತ್ತುತ್ತವೆ. ನೂರು ಕಿಲೋಗ್ರಾಂಗೂ ಹೆಚ್ಚು ತೂಗುವ ತಾಯಿ ಆಮೆ ಏದುಸಿರು ಬಿಡುತ್ತ ಮರಳಿನ ಮೇಲೆ ತನ್ನನ್ನು ಎಳೆದುಕೊಂಡು ಬಂದು, ಹಿಂಗಾಲುಗಳಿಂದ ಕಾಣದ ಗುಂಡಿಯನ್ನು ತೋಡಿ, ನೂರರಷ್ಟು ಮೊಟ್ಟೆಯಿಟ್ಟು, ಮುಚ್ಚಿ, ಮತ್ತೆ ನೀರಿಗೆ ಸೇರುವವರೆಗೆ ಒಂದೆರಡು ಗಂಟೆ ಹಿಡಿಯುತ್ತದೆ. ಟಾರ್ಚಿನ ಬೆಳಕು ಬಿದ್ದರೆ ಮೊಟ್ಟೆಯಿಡದೆಯೇ ಹಿಂದಿರುಗುವುದುಂಟು. ಅದರ ಕಣ್ಣಿಂದ ನೀರು ಸುರಿಯುವುದನ್ನು ಕಂಡು ನನ್ನ ಮಗಳು ಆಮೆ ಅಳುತ್ತಿದೆ ಎಂದಳು. ದೇಹದಲ್ಲಿ ಸೇರಿದ ಉಪ್ಪನ್ನು ಅದು ಹಾಗೆ ಹೊರಹಾಕುತ್ತದೆ ಎಂದು ವಿವರಿಸಿದ ಮೇಲೂ ಅವಳು ಬಹಳ ಹೊತ್ತು ನನ್ನ ಕೈ ಬಿಡಲಿಲ್ಲ. 1920ರ ದಶಕದಲ್ಲಿ ಇದೇ ಹೆರಾನ್ ದ್ವೀಪದಲ್ಲಿ ಕಡಲಾಮೆಗಳನ್ನು ಕೊಂದು ಸೂಪು ಮಾಡಿ ಡಬ್ಬಿಗೆ ತುಂಬುವ ಕಾರ್ಖಾನೆ ಇತ್ತೆಂಬುದನ್ನು ಆ ರಾತ್ರಿ ಅವಳಿಗೆ ಹೇಳುವುದು ನನ್ನಿಂದಾಗಲಿಲ್ಲ.

ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ಮರಳಿನ ಬಿಸಿ. ಹೆಚ್ಚು ಬಿಸಿಯಾದರೆ ಹೆಣ್ಣು. ರೀಫ್‌ನ ಉತ್ತರ ಭಾಗದ ಕಡಲತೀರಗಳಲ್ಲಿ ಹುಟ್ಟಿದ ಎಳೆಯ ಆಮೆಗಳಲ್ಲಿ ಶೇಕಡಾ 99ಕ್ಕೂ ಹೆಚ್ಚು ಹೆಣ್ಣೆಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಗಂಡು ಮರಿಗಳು ಇನ್ನೂ ಗಣನೀಯ ಸಂಖ್ಯೆಯಲ್ಲಿ ಹುಟ್ಟುವುದು ದಕ್ಷಿಣದ ತಂಪು ಮರಳಿನಲ್ಲಿ. ಹೀಗಿರುವಾಗ ಈ ದ್ವೀಪಗಳ ಒಂದೊಂದು ಗೂಡಿಗೂ ಎಷ್ಟು ಬೆಲೆಯಿದೆ ಎಂದು ಯೋಚಿಸಿ. ಆಮೆ ಗೂಡು ಮಾಡುವ ಕಾಲದಲ್ಲಿ ಹೋಗುವವರು ಕೋಣೆಯ ಪರದೆಯನ್ನು ರಾತ್ರಿ ಎಳೆದೇ ಇಡಬೇಕು, ದಡದಲ್ಲಿ ಆಮೆಯ ಎದುರಿಗೆ ಬಾರದೆ ಹಿಂದೆ ಕುಳಿತಿರಬೇಕು, ಚಿಪ್ಪು ಹವಳಗಳನ್ನು ಇದ್ದಲ್ಲೇ ಬಿಟ್ಟುಬರಬೇಕು.

ಹೊರಡುವ ದಿನ ಬೆಳಗಿನ ಐದಕ್ಕೆ ಎದ್ದು ನಾವು ನಾಲ್ವರೂ ದ್ವೀಪವನ್ನು ಕೊನೆಯ ಸಲ ಸುತ್ತಿದೆವು. ರಾತ್ರಿ ಬಂದುಹೋದ ಆಮೆಗಳ ಜಾಡು ಟ್ರ್ಯಾಕ್ಟರ್ ಚಕ್ರದ ಗುರುತಿನಂತೆ ನೀರಿನಿಂದ ಮರಗಳ ಬುಡದವರೆಗೆ ಬಿದ್ದಿತ್ತು. ಅರ್ಧ ಗಂಟೆಯ ಆ ಹಾದಿಗೆ ಅಂದು ಎರಡು ಗಂಟೆ ತೆಗೆದುಕೊಂಡೆವು, ಏಕೆಂದರೆ ಮಗಳು ಪ್ರತಿಯೊಂದು ಜಾಡಿನ ಬಳಿಯೂ ನಿಂತು, ಹೋಗುವ ಗೆರೆಯನ್ನೂ ಬರುವ ಗೆರೆಯನ್ನೂ ಗುರುತಿಸಿ, ಉಬ್ಬರ ಅಳಿಸುವ ಮೊದಲು ಎಣಿಸಿ ಮುಗಿಸಬೇಕೆಂದು ಹಟ ಹಿಡಿದಿದ್ದಳು. ಹನ್ನೊಂದು ಇದ್ದವು.