ರೋಲರ್ ಇದ್ದ ಮಾತ್ರಕ್ಕೆ ಗಟ್ಟಿ ಪಿಸ್ತೂಲಲ್ಲ

ಮಾನ್ಯ ಸಂಪಾದಕರೇ,

ಸೇನೆಗಳು ಸೇವೆಯಿಂದ ತೆಗೆದು ಮಾರಿದ ಪಿಸ್ತೂಲುಗಳ ಸಂಗ್ರಹದ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಬರಹ ಚೆನ್ನಾಗಿದೆ, ಚಿತ್ರಗಳು ಇನ್ನೂ ಚೆನ್ನಾಗಿವೆ. ಆದರೆ ‘ಚೆಕೊಸ್ಲೊವಾಕಿಯಾದ ಸಿಝಡ್-52ಗೆ ರೋಲರ್ ಲಾಕ್ ಇರುವುದರಿಂದ ಅದು ಟೋಕರೆವ್‌ಗಿಂತ ಗಟ್ಟಿ, ಹೆಚ್ಚು ಜೋರಿನ ತೋಟಾಗಳನ್ನೂ ತಾಳುತ್ತದೆ’ ಎಂಬ ಸಾಲನ್ನು ಹಾಗೇ ಬಿಡುವಂತಿಲ್ಲ. ಸಂಗ್ರಾಹಕರಲ್ಲಿ ಬಾಯಿಂದ ಬಾಯಿಗೆ ದಾಟಿಕೊಂಡು ಬಂದಿರುವ ಮಾತು ಅದು. ನಂಬಿ ನಡೆದವರು ಬೆರಳು, ಕಣ್ಣು ಕಳೆದುಕೊಂಡಾರು.

ಸಿಝಡ್-52, ಸೋವಿಯತ್ ಟೋಕರೆವ್ ಎರಡೂ 7.62×25 ಮಿ.ಮೀ. ತೋಟಾ ಬಳಸುವ, ಮ್ಯಾಗಜಿನ್‌ನಲ್ಲಿ (ಹಿಡಿಕೆಯೊಳಗಿನ ಗುಂಡಿನ ಪೆಟ್ಟಿಗೆ) 8 ಗುಂಡು ಹಿಡಿಯುವ ಪಿಸ್ತೂಲುಗಳು. ವ್ಯತ್ಯಾಸವಿರುವುದು ಲಾಕ್‌ನಲ್ಲಿ, ಅಂದರೆ ಗುಂಡು ಹಾರುವ ಕ್ಷಣದಲ್ಲಿ ನಳಿಗೆಯನ್ನೂ ಸ್ಲೈಡನ್ನೂ (ಮೇಲೆ ಹಿಂದೆಮುಂದೆ ಸರಿಯುವ ಭಾಗ) ಒಟ್ಟಿಗೆ ಹಿಡಿದಿಡುವ ಏರ್ಪಾಡಿನಲ್ಲಿ. ಟೋಕರೆವ್ ಟಿಟಿ-33ರದು ಬ್ರೌನಿಂಗ್ ಪದ್ಧತಿ. ನಳಿಗೆಯ ಮೇಲೆ ಬಳೆ ತೊಡಿಸಿದಂತೆ ಉಬ್ಬಿರುವ ಏಣುಗಳು ಸ್ಲೈಡಿನ ಒಳಮೈಯ ಕೊರಕಲುಗಳಲ್ಲಿ ಕೂರುತ್ತವೆ. ಗುಂಡು ಹಾರಿದ ಮೇಲೆ ನಳಿಗೆಯ ಹಿಂತುದಿ ಅಡಿಯ ಲಿಂಕ್‌ನ ಎಳೆತಕ್ಕೆ ಕೆಳಗಿಳಿದು ಸ್ಲೈಡನ್ನು ಬಿಟ್ಟುಕೊಡುತ್ತದೆ. ಸಿಝಡ್-52ರಲ್ಲಿ ನಳಿಗೆಯ ಎಡಬಲಕ್ಕೆ ಒಂದೊಂದು ಉಕ್ಕಿನ ರೋಲರ್ ಇದೆ. ಅಡಿಯಲ್ಲಿರುವ ಕ್ಯಾಮ್ ತುಂಡು ಅವನ್ನು ಹೊರಕ್ಕೆ ಒತ್ತಿ ಹಿಡಿದಿರುವಷ್ಟು ಹೊತ್ತು ನಳಿಗೆ, ಸ್ಲೈಡ್ ಬೇರೆಯಾಗುವುದಿಲ್ಲ. ಎರಡೂ ಕೂಡಿ ಸ್ವಲ್ಪ ಹಿಂದೆ ಸರಿದಾಗ ಕ್ಯಾಮ್‌ನ ಹಿಡಿತ ತಪ್ಪಿ ರೋಲರ್‌ಗಳು ಒಳಗೆ ಜಾರುತ್ತವೆ, ಸ್ಲೈಡ್ ಬಿಡುಗಡೆಯಾಗುತ್ತದೆ.

ಜಾಣತನದ ಏರ್ಪಾಡು, ಇಲ್ಲವೆನ್ನುವುದಿಲ್ಲ. ಆದರೆ ಆ ರೋಲರ್, ಕ್ಯಾಮ್‌ಗಳಿಗೆ ಜಾಗ ಮಾಡಿಕೊಡಲು ನಳಿಗೆಯ ಅಡಿಮೈಯನ್ನು ಕಡಿದಿದ್ದಾರೆ. ಆ ಕಡಿತ ಬಿದ್ದಿರುವುದು ಚೇಂಬರಿನ (ತೋಟಾ ಕೂರುವ, ನಳಿಗೆಯ ಹಿಂತುದಿ) ಕೆಳಗೆ, ಅಂದರೆ ಒತ್ತಡ ತಾರಕಕ್ಕೇರುವ ಜಾಗದಲ್ಲೇ. ತೋಟಾ ಅತಿ ಜೋರಿನದ್ದಾದರೆ ಲಾಕ್ ಎಷ್ಟು ಗಟ್ಟಿಯೆಂಬುದು ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೂ ಮೊದಲೇ ಚೇಂಬರಿನ ಗೋಡೆ ಸೀಳುತ್ತದೆ. ಎರಡೂ ಪಿಸ್ತೂಲುಗಳ ನಳಿಗೆ ಬಿಚ್ಚಿ, ಅಡಿಮೇಲು ಮಾಡಿ, ಪಕ್ಕಪಕ್ಕ ಇಟ್ಟು ನೋಡಿ. ಯಾವುದರ ಗೋಡೆ ತೆಳು ಎಂದು ತಿಳಿಯಲು ಅಳತೆಗೋಲೂ ಬೇಕಿಲ್ಲ. ಇದೇ ತೋಟಾವನ್ನು ಪಿಪಿಎಸ್‌ಎಚ್-41ರಂಥ ಸಬ್‌ಮಷೀನ್ ಗನ್‌ಗಳಿಗೂ ಬಳಸುತ್ತಿದ್ದರು. ಹಳೆಯ ಪೆಟ್ಟಿಗೆಯಿಂದ ಹೊರಬಂದ ತೋಟಾ ಯಾವ ಆಯುಧಕ್ಕೆಂದು, ಎಷ್ಟು ಜೋರಿಗೆ ತುಂಬಿದ್ದು ಎಂದು ಗೊತ್ತಿಲ್ಲದಿದ್ದರೆ ಅದು ಸಂಗ್ರಹದ ವಸ್ತು, ಹಾರಿಸುವ ವಸ್ತುವಲ್ಲ.

ಸಿಝಡ್-52ರ ಇನ್ನೆರಡು ಹುಳುಕುಗಳನ್ನು ಲೇಖಕರು ಹೇಳಬೇಕಿತ್ತು. ಅದರ ಮೂಲ ಫೈರಿಂಗ್ ಪಿನ್ (ತೋಟಾದ ಹಿಂಬದಿಗೆ ಬಡಿದು ಅದನ್ನು ಸಿಡಿಸುವ ಕಡ್ಡಿ) ಎರಕದ್ದು, ಪೆಡಸು. ಖಾಲಿ ಪಿಸ್ತೂಲಿನ ಟ್ರಿಗರ್ ಎಳೆದು ‘ಟಿಕ್’ ಎನ್ನಿಸುತ್ತಾ ಕೂತರೆ ಅದರ ತುದಿ ಮುರಿಯುತ್ತದೆ. ಮುರಿದ ಚೂರು ಒಳಗೇ ಸಿಕ್ಕಿಕೊಂಡು ಮುಂದಕ್ಕೆ ಚಾಚಿ ನಿಂತರೆ ಸ್ಲೈಡ್ ಮುಚ್ಚುತ್ತಲೇ ಗುಂಡು ಹಾರೀತು. ಕಡೆದು ಮಾಡಿದ ಉಕ್ಕಿನ ಪಿನ್ ಹಾಕಿಸಿ, ಹಳೆಯದನ್ನು ಪೊಟ್ಟಣ ಕಟ್ಟಿ ಪಿಸ್ತೂಲಿನ ಜೊತೆಗೇ ಇಡುವುದು ವಾಡಿಕೆ. ಎರಡನೆಯದು, ಸೇಫ್ಟಿ ಲಿವರಿನಿಂದಲೇ ಹ್ಯಾಮರ್ (ಪಿನ್ನಿಗೆ ಬಡಿಯುವ ಸುತ್ತಿಗೆ) ಇಳಿಸುವ ಸೌಲಭ್ಯ. ಸವೆದ ಪಿಸ್ತೂಲಿನಲ್ಲಿ ಹೀಗೆ ಹ್ಯಾಮರ್ ಇಳಿಸುವಾಗಲೇ ಗುಂಡು ಹಾರುವ ಸಂಭವವಿದೆ. ಚೇಂಬರಿನಲ್ಲಿ ತೋಟಾ ಇರುವಾಗ ಆ ಲಿವರನ್ನು ನಂಬಲೇಬಾರದು.

ಹಾಗೆಂದು ಟೋಕರೆವ್ ನಿರ್ದೋಷಿಯೇನಲ್ಲ. ಅದಕ್ಕೆ ಕೈಯಿಂದ ಹಾಕುವ ಸೇಫ್ಟಿಯೇ ಇಲ್ಲ; ಹ್ಯಾಮರನ್ನು ಅರ್ಧಕ್ಕೆ ನಿಲ್ಲಿಸುವ ಕಚ್ಚು ಒಂದೇ ಆಸರೆ. ಹ್ಯಾಮರ್ ಅಲ್ಲಿ ನಿಂತಾಗ ಟ್ರಿಗರ್, ಸ್ಲೈಡ್ ಎರಡೂ ಬಿಗಿಯುತ್ತವೆ, ಆದರೆ ಕಚ್ಚು ಸವೆದಿದ್ದರೆ ಬಿಗಿ ಹೆಸರಿಗಷ್ಟೇ. ಕೊಳ್ಳುವಾಗ ಮ್ಯಾಗಜಿನ್ ತೆಗೆದು, ಚೇಂಬರ್ ಖಾಲಿಯೆಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಖಾತ್ರಿ ಮಾಡಿಕೊಂಡು, ಹ್ಯಾಮರನ್ನು ಅರ್ಧಕ್ಕೆ ನಿಲ್ಲಿಸಿ ಟ್ರಿಗರ್ ಎಳೆದು ನೋಡಬೇಕು. ಹ್ಯಾಮರ್ ಬಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಅಮೆರಿಕಕ್ಕೆ ಆಮದಾದ ಟೋಕರೆವ್‌ಗಳಿಗೆ ಅಲ್ಲಿನ ನಿಯಮ ಪಾಲಿಸಲು ಆಮೇಲೆ ಕೂರಿಸಿದ ಸೇಫ್ಟಿ ಲಿವರ್ ಇರುತ್ತದೆ. ಸಂಗ್ರಾಹಕರ ಕಣ್ಣಿಗೆ ಅದು ಮುಖದ ಮೇಲಿನ ಹೊಲಿಗೆ. ಈ ಪಿಸ್ತೂಲಿನ ದೊಡ್ಡ ಗುಣ ಬೇರೆ ಇದೆ. ಹ್ಯಾಮರ್, ಅದರ ಸ್ಪ್ರಿಂಗ್, ಸಿಯರ್ (ಹ್ಯಾಮರನ್ನು ತಡೆದು ಹಿಡಿಯುವ ಕೊಕ್ಕೆ) ಎಲ್ಲ ಒಂದೇ ಗಂಟಾಗಿ ಫ್ರೇಮಿನಿಂದ ಮೇಲಕ್ಕೆ ಬರುತ್ತವೆ, ಒರೆಸಿ ಎಣ್ಣೆ ಹಾಕಿ ಹಾಗೇ ಕೂರಿಸಬಹುದು. ಬಿಚ್ಚುವಾಗ ಕಳೆದುಹೋಗುವುದು ಬಲಪಕ್ಕದ ಪುಟ್ಟ ಕ್ಲಿಪ್. ಅದನ್ನು ಹಿಂದಕ್ಕೆ ಜಾರಿಸಿದರೆ ಸ್ಲೈಡ್ ಸ್ಟಾಪ್ ಎಡಕ್ಕೆ ಹೊರಬರುತ್ತದೆ. ಜೋರಾಗಿ ತಳ್ಳಿದರೆ ಕ್ಲಿಪ್ ಚಿಮ್ಮಿ ಹಾಸಿನ ಸಂದಿ ಸೇರುತ್ತದೆ.

‘ಇವುಗಳಲ್ಲಿ ಯಾವುದು ಮೇಲು’ ಎಂಬ ಚರ್ಚೆಗೆ ಲೇಖನ ಅರ್ಧ ಪುಟ ಮೀಸಲಿಟ್ಟಿದೆ. ನನ್ನ ದೃಷ್ಟಿಯಲ್ಲಿ ಮಾದರಿಯ ಹೆಸರಿಗಿಂತ ಕೈಯಲ್ಲಿರುವ ಆ ಒಂದು ಪಿಸ್ತೂಲಿನ ಸ್ಥಿತಿಯೇ ದೊಡ್ಡದು. ಆದರೂ ಹಾರಿಸಲೆಂದೇ ಒಂದು ಬೇಕೆನ್ನುವ ಪರವಾನಗಿದಾರರಿಗೆ ಮಕಾರೊವ್ ಎನ್ನುತ್ತೇನೆ. 1951ರಲ್ಲಿ ಸೋವಿಯತ್ ಸೇನೆ ಸೇರಿದ ಇದರ ನಳಿಗೆ ಫ್ರೇಮಿಗೆ ಭದ್ರವಾಗಿ ಕೂತಿದೆ, ಲಾಕೇ ಇಲ್ಲ. ಸ್ಲೈಡಿನ ತೂಕ ಮತ್ತು ನಳಿಗೆಗೆ ಸುತ್ತಿದ ಸ್ಪ್ರಿಂಗ್ ಎರಡೇ ತಡೆ. ಟ್ರಿಗರ್ ಗಾರ್ಡನ್ನು ಕೆಳಗೆಳೆದು, ಸ್ಲೈಡನ್ನು ಹಿಂದಕ್ಕೊಯ್ದು ಎತ್ತಿದರೆ ಬಿಚ್ಚುವ ಕೆಲಸ ಮುಗಿಯಿತು. ಅದೇ ತೋಟಾದ ಚೆಕೊಸ್ಲೊವಾಕಿಯಾದ ಸಿಝಡ್-82ರಲ್ಲಿ 12 ಗುಂಡು ಹಿಡಿಯುತ್ತವೆ, ಹಿಡಿಯೂ ಹಿತ. ಹಂಗೆರಿಯ ಪಿಎ-63ರ ಫ್ರೇಮ್ ಅಲ್ಯೂಮಿನಿಯಂ ಮಿಶ್ರಲೋಹದ್ದು, ಹೊರಲು ಹಗುರ, ಹಾರಿಸಿದಾಗ ಅಂಗೈಗೆ ಏಟು. ಪೋಲೆಂಡಿನ ಪಿ-64ರ ಮೊದಲ ಗುಂಡಿನ ಟ್ರಿಗರ್ ಎಷ್ಟು ಬಿಗಿ ಎಂದರೆ ಗುರಿ ಅಲ್ಲಿಗೇ ಕದಲುತ್ತದೆ.

ಒಂದು ಎಚ್ಚರಿಕೆ: ಎಲ್ಲವನ್ನೂ ‘9 ಎಂಎಂ’ ಎಂದು ಒಂದೇ ಗಂಟು ಕಟ್ಟಬಾರದು. ಮಕಾರೊವ್‌ನ 9×18ರ ಗುಂಡಿನ ವ್ಯಾಸ ಸುಮಾರು 9.27 ಮಿ.ಮೀ., 9×19 ಪ್ಯಾರಾಬೆಲಮ್‌ನದು ಸುಮಾರು 9.02 ಮಿ.ಮೀ. ಒಂದರ ತೋಟಾ ಇನ್ನೊಂದಕ್ಕೆ ಸಲ್ಲದು. ನಾಗಾಂ 1895 ರಿವಾಲ್ವರಿನ ಕಥೆಯೂ ಇದೇ. ಹ್ಯಾಮರ್ ಏರುವಾಗ ಅದರ ಸಿಲಿಂಡರ್ ಮುಂದೆ ಸರಿದು, ತೋಟಾದ ಬಾಯಿ ನಳಿಗೆಯೊಳಕ್ಕೆ ಹೊಕ್ಕು, ಅನಿಲ ಸೋರುವ ಸಂದಿ ಮುಚ್ಚಿಹೋಗುತ್ತದೆ. ಬದಲಿಗೆ .32 ರಿವಾಲ್ವರ್ ತೋಟಾ ತುರುಕಿದರೆ ಆ ಮುಚ್ಚಿಗೆಯೂ ಇಲ್ಲ, ಸಡಿಲ ಚೇಂಬರಿನಲ್ಲಿ ಹಿತ್ತಾಳೆ ಉಬ್ಬಿ ಸೀಳುತ್ತದೆ.

ಇನ್ನು ‘ನಂಬರ್ ಹೊಂದಾಣಿಕೆ’, ಎಲ್ಲ ಭಾಗಗಳ ಮೇಲೂ ಒಂದೇ ಸಂಖ್ಯೆ ಇರಬೇಕೆಂಬ ಮಾತು. ಇದೂ ಎಲ್ಲಕ್ಕೂ ಒಂದೇ ಕಾನೂನಲ್ಲ. ಲೂಗರ್ ಪಿ-08ರಲ್ಲಿ ಸರಣಿ ಸಂಖ್ಯೆಯ ಕೊನೆಯ ಎರಡು ಅಂಕಿ ಚಿಕ್ಕಪುಟ್ಟ ಭಾಗಗಳ ಮೇಲೂ ಇರುತ್ತವೆ. ಒಂದು ತಪ್ಪಿದರೂ ಬೆಲೆ ಇಳಿಯುತ್ತದೆ. ಅಮೆರಿಕದ ಎಂ1911ರಲ್ಲಿ ಅದನ್ನೇ ಕೇಳಿದರೆ ಅರ್ಥವಿಲ್ಲ. ಅದರ ನಂಬರ್ ಇರುವುದು ಫ್ರೇಮಿನ ಮೇಲೆ. ಸೇನಾ ಕಾರ್ಯಾಗಾರಗಳಲ್ಲಿ ರಾಶಿಯಿಂದ ಎತ್ತಿ ಮರುಜೋಡಿಸಿದವೇ ಹೆಚ್ಚು, ಟೈಪ್‌ರೈಟರ್ ಕಂಪನಿ ರೆಮಿಂಗ್ಟನ್ ರ‍್ಯಾಂಡ್‌ನ ಫ್ರೇಮಿನ ಮೇಲೆ ಕೋಲ್ಟ್ ಸ್ಲೈಡ್ ಕೂತಿದ್ದರೆ ಅದು ಮೋಸವಲ್ಲ, ಅದರ ಚರಿತ್ರೆ. ಹೊಲಿಗೆ ಯಂತ್ರದ ಸಿಂಗರ್ ಕಂಪನಿ ಮಾಡಿಕೊಟ್ಟದ್ದು ಬರೀ 500 ಪಿಸ್ತೂಲು. ಹಾಗಾಗಿ ‘ಸಿಂಗರ್’ ಎಂಬ ಹೆಸರು ಕಂಡರೆ ಹಿಗ್ಗುವ ಮೊದಲು ಅನುಮಾನಪಡುವುದು ಒಳ್ಳೆಯದು.

ಲೂಗರ್‌ನಲ್ಲಿ ನಕಲಿ ಮೆರುಗನ್ನು ಹಿಡಿಯಲು ಬಣ್ಣವೇ ಸಾಕ್ಷಿ. 1937ರವರೆಗೆ ಅದರ ಟ್ರಿಗರ್, ಸೇಫ್ಟಿ ಲಿವರ್‌ನಂಥ ಸಣ್ಣ ಭಾಗಗಳನ್ನು ಕಾಯಿಸಿ ಒಣಹುಲ್ಲಿನ ಹಳದಿಗೆ ತರುತ್ತಿದ್ದರು. ಆ ವರ್ಷ ಮೌಸರ್ ಕಾರ್ಖಾನೆ ಅದನ್ನು ಬಿಟ್ಟು ಎಲ್ಲಕ್ಕೂ ನೀಲಿ ಕೊಡತೊಡಗಿತು. ‘ಬಿವೈಎಫ್ 41’ (ಮೌಸರ್, 1941) ಎಂದು ಕೊರೆದ ಲೂಗರ್‌ನಲ್ಲಿ ಹಳದಿ ಟ್ರಿಗರ್ ಹೊಳೆಯುತ್ತಿದ್ದರೆ ಯಾರೋ ಆಮೇಲೆ ಸಿಂಗಾರ ಮಾಡಿದ್ದಾರೆ. ಇನ್ನೂ ಹಳೆಯ ತುಂಡುಗಳಲ್ಲಿ ಮುದ್ರೆಯ ಸುತ್ತ ಮಸುಕಾದ ಬಿಳಿ ಪರಿವೇಷ ಕಾಣುತ್ತದೆ. ನೀಲಿ ಏರಿಸಿದ ಮೇಲೆ ಮುದ್ರೆ ಒತ್ತಿದ್ದರ ಗುರುತದು. ಮತ್ತೆ ಬಣ್ಣ ಹಾಕಿದರೆ ಮೊದಲು ಅಳಿಸುವುದು ಅದೇ. ವಾಲ್ಥರ್ ಪಿ-38ರಲ್ಲಿ ಕಾರ್ಖಾನೆಯ ಸಂಕೇತವೂ ಹದ್ದಿನ ಮುದ್ರೆಯ ಅಂಕಿಯೂ ತಾಳೆಯಾಗಬೇಕು: ‘ಎಸಿ’ ಇದ್ದರೆ ವಾಲ್ಥರ್, 359, ‘ಬಿವೈಎಫ್’ ಇದ್ದರೆ ಮೌಸರ್, 135, ‘ಸಿವೈಕ್ಯೂ’ ಇದ್ದರೆ ಸ್ಪ್ರೀವೆರ್ಕ್, 88. ಎಕ್ಸ್ ಗುರುತು ಒತ್ತಿ, ಅದ್ದಿ ತೆಗೆದಂಥ ದಪ್ಪ ಕಪ್ಪು ನೀಲಿ ಇದ್ದರೆ ಅದು ಸೋವಿಯತ್ತರು ವಶಪಡಿಸಿಕೊಂಡು ರಿಪೇರಿ ಮಾಡಿಟ್ಟದ್ದು. ಪಿ-38ರ ಸ್ಲೈಡಿನ ಮೇಲಿನ ತೆಳು ಮುಚ್ಚಳವನ್ನು ಹೆಬ್ಬೆರಳಿನಿಂದ ಅಲುಗಿಸಿ ನೋಡುವುದನ್ನು ಮರೆಯಬಾರದು. ಸಡಿಲವಿದ್ದರೆ ಹಾರಿಸುವಾಗ ಅದು ಹಿಂದಿನ ಗುರಿಕಣ್ಣಿನ ಸಮೇತ ಎಗರಿಹೋಗುತ್ತದೆ.

ಶುಚಿ ಮಾಡುವುದಕ್ಕೆ ಲೇಖಕರು ‘ಗ್ರೀಸ್ ಒರೆಸಿ ಎಣ್ಣೆ ಹಚ್ಚಿ’ ಎಂದು ಒಂದೇ ಸಾಲು ಬರೆದಿದ್ದಾರೆ. ಮೈಮೇಲಿನ ಗ್ರೀಸ್ ತೊಂದರೆ ಕೊಡುವುದಿಲ್ಲ, ತೊಂದರೆ ಕೊಡುವುದು ಫೈರಿಂಗ್ ಪಿನ್ನಿನ ತೂತಿನೊಳಗಿನದು. ಮಕಾರೊವ್‌ನ ಪಿನ್‌ಗೆ ಹಿಂದೆಳೆಯುವ ಸ್ಪ್ರಿಂಗೇ ಇಲ್ಲ, ಅದು ಸಡಿಲವಾಗಿ ಓಡಾಡಿಕೊಂಡಿರಬೇಕು. ದಶಕಗಟ್ಟಲೆ ಕೂತ ಗ್ರೀಸ್ ಮೇಣದಂತಾಗಿ ಪಿನ್ನನ್ನು ಮುಂದೆ ಹಿಡಿದಿಟ್ಟರೆ ಸ್ಲೈಡ್ ಮುಚ್ಚಿದೊಡನೆ ಗುಂಡು ಹಾರುವ ಅಪಾಯವಿದೆ. ಮೊದಲು ಹಿಡಿಕೆಯ ಪಟ್ಟಿಗಳನ್ನು ಬಿಚ್ಚಿಡಿ. ಲೋಹದ ಭಾಗಗಳನ್ನು ಮಿನರಲ್ ಟರ್ಪೆಂಟೈನ್‌ನಲ್ಲಿ ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ ನೆನೆಹಾಕಿ, ತೂತುಗಳಿಗೆ ಸಣ್ಣ ಬ್ರಷ್ ಆಡಿಸಿ. ಸ್ಲೈಡನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಪಿನ್ ‘ಕಟಕಟ’ ಎನ್ನಬೇಕು. ಎನ್ನದಿದ್ದರೆ ಇನ್ನೊಮ್ಮೆ ನೆನೆಹಾಕಿ. ಪಿನ್ನಿನ ತೂತಿಗೆ ಮತ್ತೆ ಎಣ್ಣೆ ಸುರಿಯಬೇಡಿ.

ಹಳೆಯ ಸೇನಾ ತೋಟಾ ಹಾರಿಸಿದ ಮೇಲೆ ಎಣ್ಣೆಯೊಂದೇ ಸಾಲದು. ಅದರ ಪ್ರೈಮರ್‌ನ (ತೋಟಾದ ತಳದ ಕಿಡಿಮದ್ದು) ಪೊಟ್ಯಾಸಿಯಂ ಕ್ಲೋರೇಟ್ ಉರಿದು ನಳಿಗೆಯಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಉಳಿಸುತ್ತದೆ, ಅಡುಗೆ ಉಪ್ಪಿನ ಅಣ್ಣತಮ್ಮನೇ ಅದು. ಗಾಳಿಯ ತೇವ ಹೀರಿ ತುಕ್ಕು ತರಿಸುವ ಈ ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಅಮೋನಿಯಾ ಬೆರೆಸಿದ ದ್ರಾವಣಗಳನ್ನು ಹೊಗಳುವವರಿದ್ದಾರೆ; ಅಲ್ಲೂ ಕೆಲಸ ಮಾಡುವುದು ನೀರೇ. ಹಾರಿಸಿದ ದಿನವೇ ನಳಿಗೆ ಬಿಚ್ಚಿ ಕುದಿಯುವ ನೀರು ಹೊಯ್ಯಿರಿ. ಕಾದ ಲೋಹ ತಾನಾಗಿ ಆರುತ್ತದೆ, ಆಮೇಲೆ ಎಣ್ಣೆ. ಸ್ಲೈಡಿನ ಮುಖ ಮತ್ತು ಎಕ್ಸ್‌ಟ್ರ್ಯಾಕ್ಟರ್‌ನ (ಖಾಲಿ ತೋಟಾ ಎಳೆದು ತೆಗೆಯುವ ಕೊಕ್ಕೆ) ಸಂದಿಗೂ ಒದ್ದೆ ಬಟ್ಟೆ ಮುಟ್ಟಿಸಬೇಕು. ನಾಗಾಂನಲ್ಲಾದರೆ ಸಿಲಿಂಡರಿನ ಏಳೂ ಕೋಣೆಗಳನ್ನು ತೊಳೆಯಬೇಕು.

ಕೊನೆಗೆ, ಎರಡನೇ ಪುಟದ ಚಿತ್ರದ ಅಡಿಬರಹ. ‘ಟೋಕರೆವ್, 8 ಗುಂಡು’ ಎಂದಿದೆ. ಚಿತ್ರದಲ್ಲಿರುವುದು ಯುಗೊಸ್ಲಾವಿಯಾದ ಝಸ್ತಾವ ಎಂ57. ಹಿಡಿಕೆ ತುಸು ಉದ್ದ, ಹಿಡಿಯುವುದು 9 ಗುಂಡು. ಮ್ಯಾಗಜಿನ್ ತೆಗೆದರೆ ಟ್ರಿಗರ್ ಕೆಲಸ ಮಾಡದಂತೆ ತಡೆಯೂ ಇದೆ. ಅಡಿಬರಹ ನಂಬಿ ಟಿಟಿ-33ರ ಮ್ಯಾಗಜಿನ್ ತರಿಸಿದವರಿಗೆ ಅದು ಉದ್ದ ಸಾಲದೆ ಕೈಯಲ್ಲೇ ಉಳಿಯುತ್ತದೆ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿ.

— ಹಳೆಯ ಸೇನಾ ಪಿಸ್ತೂಲುಗಳ ಸಂಗ್ರಾಹಕ