ಮೂಳೆ ಸಾಂದ್ರತೆ ಪರೀಕ್ಷೆ ಮಾಡಿಸಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಆಸ್ಟಿಯೋಪೊರೋಸಿಸ್ (ಮೂಳೆ ಸವೆದು ಸುಲಭವಾಗಿ ಮುರಿಯುವ ಕಾಯಿಲೆ) ಇದೆ ಅಂತ ಎಷ್ಟೋ ಜನರಿಗೆ ಗೊತ್ತಾಗುವುದೇ ಮೂಳೆ ಮುರಿದ ಮೇಲೆ. ಅಲ್ಲಿಯವರೆಗೆ ನೋವೇ ಇರುವುದಿಲ್ಲ, ನನಗೆ ಭಯ ಅದೇ. 65 ದಾಟಿದ ಹೆಂಗಸರು ಡೆಕ್ಸಾ ಸ್ಕ್ಯಾನ್ (ಮೂಳೆ ಸಾಂದ್ರತೆ ಅಳೆಯುವ ಎಕ್ಸ್‌ರೇ ಪರೀಕ್ಷೆ) ತಪ್ಪಿಸಬೇಡಿ. ಮುಟ್ಟು ನಿಂತಿದೆ, ಜೊತೆಗೆ ತೂಕ ತೀರಾ ಕಡಿಮೆ ಅಥವಾ ತಂದೆತಾಯಿಗೆ ಸೊಂಟದ ಮೂಳೆ ಮುರಿದಿತ್ತು ಅಂದರೆ ಅಷ್ಟು ವಯಸ್ಸಾಗುವವರೆಗೆ ಕಾಯಬೇಡಿ. ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡವರು, ಗಂಡಸರಾದರೂ ಸರಿ, ಡಾಕ್ಟರನ್ನು ಕೇಳಿ.

ಸುಮ್ನೆ ಮಲಗಿದ್ದರೆ ಸಾಕು, ಸೊಂಟ ಮತ್ತು ಬೆನ್ನುಮೂಳೆ ಅಳೆಯುತ್ತಾರೆ. ಎಕ್ಸ್‌ರೇ ಪ್ರಮಾಣ ತುಂಬಾ ಕಡಿಮೆ. ಹಿಂದಿನ ದಿನದಿಂದ ಕ್ಯಾಲ್ಸಿಯಂ ಮಾತ್ರೆ ಬೇಡ. ವರದಿಯಲ್ಲಿ ಟಿ-ಸ್ಕೋರ್ ನೋಡಿ, ಅಂದರೆ ನಿಮ್ಮ ಮೂಳೆ ಸಾಂದ್ರತೆಯನ್ನು ಆರೋಗ್ಯವಂತ ಯುವ ವಯಸ್ಕರದಕ್ಕೆ ಹೋಲಿಸಿ ಕೊಡುವ ಅಂಕ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. ಹಿಮ್ಮಡಿಗೆ ಮಾತ್ರ ಮಾಡುವ ಅಲ್ಟ್ರಾಸೌಂಡ್ ಇದಕ್ಕೆ ಬದಲಿಯಲ್ಲ.